ಆಟಿಕೆ ಡಬ್ಬದ ಕಂಬಿಗೆ ಅಡುಗೆಮನೆ ಚಾಕು ಹಾಕಬೇಡಿ: ಬಿಚ್ಚುವುದು ಹೇಗೆ, ಮುಕ್ಕಾದ ಅಲಗನ್ನು ಸರಿಮಾಡುವುದು ಹೇಗೆ

ಮಗಳ ನಾಲ್ಕನೇ ಹುಟ್ಟುಹಬ್ಬದ ರಾತ್ರಿ. ನೆಂಟರೆಲ್ಲ ಹೋದ ಮೇಲೆ ಉಡುಗೊರೆ ಬಿಚ್ಚಲು ಕೂತೆವು. ಮೊದಲ ಡಬ್ಬದಲ್ಲಿ ಒಂದು ಗೊಂಬೆ, ಪಕ್ಕದಲ್ಲಿ ಪುಟ್ಟ ಬಾಚಣಿಗೆ, ಕನ್ನಡಿ, ಎರಡು ಜೊತೆ ಚಪ್ಪಲಿ. ಗೊಂಬೆಯನ್ನು ಹಿಂದಿನ ರಟ್ಟಿಗೆ ಕಂಬಿಯಿಂದ ಬಿಗಿದಿದ್ದರು. ಕುತ್ತಿಗೆಗೆ ಒಂದು, ಸೊಂಟಕ್ಕೆ ಒಂದು, ಕೈಗೊಂದೊಂದು, ಕಾಲಿಗೊಂದೊಂದು. ಮಗಳು "ಅಪ್ಪಾ, ಬೇಗ ಬೇಗ" ಅಂತ ಕುಣಿಯುತ್ತಿದ್ದಳು. ಕತ್ತರಿ ಕೈಗೆ ಸಿಗಲಿಲ್ಲ. ಅಮ್ಮನ ತರಕಾರಿ ಚಾಕು ತಂದೆ. ಕಂಬಿಯ ಕೆಳಗೆ ಮೊನೆ ತೂರಿಸಿ, ಅಲಗನ್ನು ಸ್ವಲ್ಪ ತಿರುವಿ, ಮೇಲಕ್ಕೆ ಜಗ್ಗಿದೆ. ಟಪ್ ಅಂತ ತುಂಡಾಯಿತು. ಹಾಗೇ ಆರನ್ನೂ ಮುಗಿಸಿದೆ.

ಮಾರನೇ ದಿನ ಬೆಳಿಗ್ಗೆ ಅಮ್ಮ ಸಾರಿಗೆ ಟೊಮೇಟೊ ಹೆಚ್ಚುತ್ತಿದ್ದರು. ಚಾಕು ಸಿಪ್ಪೆಯ ಮೇಲೆ ಸುಮ್ನೆ ಜಾರಿತು. ಇನ್ನೊಮ್ಮೆ ಒತ್ತಿದಾಗ ಒಂದು ಕಡೆ ಸಿಕ್ಕಿಕೊಂಡು ಸಿಪ್ಪೆಯನ್ನು ಹರಿಯಿತು. ಅಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಇದಕ್ಕೆ ಹಲ್ಲು ಬಂದಿದೆಯಲ್ಲೋ, ಏನು ಕುಯ್ದೆ ಇದರಲ್ಲಿ?" ಅಂದರು. ಹನ್ನೆರಡು ವರ್ಷದಿಂದ ಅವರ ಕೈಯಲ್ಲಿ ಪಳಗಿದ್ದ ಚಾಕು ಅದು. ನನಗೆ ನಿಜವಾಗಿಯೂ ಬೇಜಾರಾಯಿತು.

ಆ ಚಾಕುವನ್ನು ಸರಿಮಾಡುತ್ತಾ ನಾನು ಕಲಿತದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಡಬ್ಬ ಇನ್ನೂ ಬಿಚ್ಚಿಲ್ಲದವರು ಮೇಲಿನಿಂದ ಓದಿ. ಆಗಲೇ ಚಾಕು ಕೆಡಿಸಿಕೊಂಡವರು ಅರ್ಧದಿಂದ ಕೆಳಗೆ ಬನ್ನಿ.

ಕಂಬಿ ಮೆದು, ಚಾಕು ಗಟ್ಟಿ. ಆದರೂ ಕೆಡುವುದು ಚಾಕು. ಯಾಕೆ?

ಆಟಿಕೆ ಕಟ್ಟುವ ಕಂಬಿ ಬಿಳಿ ಅಥವಾ ಬಣ್ಣವಿಲ್ಲದ ಪ್ಲಾಸ್ಟಿಕ್ ಹೊದಿಕೆಯೊಳಗೆ ಇರುತ್ತದೆ. ಅರ್ಧ ಮಿಲಿಮೀಟರ್‌ಗಿಂತಲೂ ತೆಳು. ಬೆರಳಲ್ಲೇ ಬಗ್ಗುತ್ತದೆ. ಹಾಗಾಗಿ ಇದು ದಾರದಂಥದ್ದೇ ಅನ್ನಿಸುತ್ತದೆ. ಆದರೆ ಒಳಗಿರುವುದು ಉಕ್ಕು.

ಚಾಕುವಿನ ಗಟ್ಟಿತನವನ್ನು ರಾಕ್‌ವೆಲ್ ಸಿ ಅನ್ನುವ ಮಾಪಕದಲ್ಲಿ ಅಳೆಯುತ್ತಾರೆ. ಸ್ವಿಸ್ ಆರ್ಮಿ ಚಾಕು ಮಾಡುವ ವಿಕ್ಟೋರಿನಾಕ್ಸ್‌ನ ಅಲಗು 55-56 ಇರುತ್ತದೆ. ಜಪಾನಿನ ವಿಜಿ-10 ಉಕ್ಕಿನ ಅಡುಗೆ ಚಾಕುಗಳು 60ರ ಆಸುಪಾಸು. ಆಟಿಕೆ ಕಂಬಿ ಆ ಮಾಪಕದಲ್ಲಿ ಲೆಕ್ಕಕ್ಕೇ ಸಿಗದಷ್ಟು ಮೆದು. ಅಂದರೆ ಗಟ್ಟಿತನದಲ್ಲಿ ಗೆಲ್ಲಬೇಕಾದ್ದು ಚಾಕುವೇ.

ವಿಷಯ ಇರುವುದು ಅಂಚಿನ ದಪ್ಪದಲ್ಲಿ. ಚೆನ್ನಾಗಿ ಮಸೆದ ಚಾಕುವಿನ ತುತ್ತತುದಿ ಒಂದು ಮೈಕ್ರಾನ್‌ನ ಆಸುಪಾಸು. ನಮ್ಮ ತಲೆಕೂದಲಿನ ದಪ್ಪ 50ರಿಂದ 100 ಮೈಕ್ರಾನ್. ಅಷ್ಟು ತೆಳು ಅಂಚಿನ ಮೇಲೆ, ಅದೂ ಒಂದೇ ಒಂದು ಜಾಗದಲ್ಲಿ, ನಾವು ಪೂರ್ತಿ ಕೈಬಲ ಹಾಕುತ್ತೇವೆ. ತರಕಾರಿ ಕುಯ್ಯುವಾಗ ಆ ಬಲ ಇಡೀ ಅಲಗಿಗೆ ಹಂಚಿಹೋಗುತ್ತದೆ. ಕಂಬಿ ಕುಯ್ಯುವಾಗ ಕೂದಲೆಳೆಯಷ್ಟು ಜಾಗಕ್ಕೇ ಎಲ್ಲಾ ಬೀಳುತ್ತದೆ.

ಇನ್ನೂ ಕೆಟ್ಟದ್ದು ಆ ತಿರುವು. ಕಂಬಿಯ ಕೆಳಗೆ ತೂರಿಸಿ ಮೀಟುತ್ತೇವಲ್ಲ, ಅದೇ. ಚಾಕುವಿನ ಅಂಚು ನೇರವಾಗಿ ಬರುವ ಒತ್ತಡ ತಡೆಯುತ್ತದೆ, ಪಕ್ಕದಿಂದ ಬರುವ ಒತ್ತಡ ತಡೆಯುವುದಿಲ್ಲ. ಮೆದು ಉಕ್ಕಿನ ಚಾಕು ಆದರೆ ಅಂಚು ಒಂದು ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಗಟ್ಟಿ ಉಕ್ಕಿನದಾದರೆ ಚಕ್ಕೆ ಎದ್ದು ಮುಕ್ಕಾಗುತ್ತದೆ. ದುಬಾರಿ ಚಾಕು ಇದನ್ನು ತಡೆದೀತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನಿಜ ಉಲ್ಟಾ. ದುಬಾರಿ ಜಪಾನಿ ಚಾಕುವಿನ ಅಂಚು ಇನ್ನೂ ತೆಳು, ಇನ್ನೂ ಗಟ್ಟಿ, ಹಾಗಾಗಿ ಬೇಗ ಮುಕ್ಕಾಗುತ್ತದೆ.

ಎಲೆಕ್ಟ್ರಿಷಿಯನ್ ಹತ್ತಿರ ಇರುವ ಕಟಿಂಗ್ ಪ್ಲೇಯರ್‌ನ ಬಾಯಿ ನೋಡಿ. ಅಂಚು ಎಷ್ಟು ದಪ್ಪ, ಎಷ್ಟು ಅಗಲದ ಕೋನ! ಎರಡೂ ಕಡೆಯಿಂದ ಒತ್ತಿ ಚಿವುಟುತ್ತದೆ, ಮೀಟುವುದಿಲ್ಲ. ಕಂಬಿ ಕುಯ್ಯುವ ಆಯುಧ ಇರಬೇಕಾದ್ದು ಹಾಗೆ.

ಮೊದಲು ಫ್ರಿಜ್ ಮೇಲಿನ ಅಯಸ್ಕಾಂತ ತನ್ನಿ

ಡಬ್ಬ ಕೈಗೆ ಬಂದ ತಕ್ಷಣ ಕುಯ್ಯಲು ಹೋಗಬೇಡಿ. ಫ್ರಿಜ್ ಬಾಗಿಲಿಗೆ ಅಂಟಿಸಿರುವ ಅಯಸ್ಕಾಂತವೊಂದನ್ನು ತಂದು ಆ ಕಟ್ಟುಗಳಿಗೆ ತಾಗಿಸಿ. ಅಂಟಿತು ಅಂದರೆ ಒಳಗೆ ಉಕ್ಕಿನ ಕಂಬಿ ಇದೆ. ಅಂಟಲಿಲ್ಲ ಅಂದರೆ ಬರೀ ಪ್ಲಾಸ್ಟಿಕ್ಕೋ ಕಾಗದದ್ದೋ ಇರಬೇಕು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಅದಕ್ಕೇ ಈ ಪರೀಕ್ಷೆ.

ಈಚೆಗೆ ಕಾಗದದ ಕಟ್ಟುಗಳು ಜಾಸ್ತಿ ಆಗುತ್ತಿವೆ. ಹ್ಯಾಸ್‌ಬ್ರೊ ಕಂಪನಿ 2010ರಲ್ಲೇ ಕಂಬಿ ಬಿಟ್ಟು ಕಾಗದದ, ಬಿದಿರು ಬೆರೆತ ಕಟ್ಟುಗಳಿಗೆ ಹೋಗುವುದಾಗಿ ಹೇಳಿತು. ಅದಕ್ಕೂ ಮೊದಲು, 2008ರಲ್ಲಿ, ಅಮೆಜಾನ್ ಅಮೆರಿಕದಲ್ಲಿ ಕಂಬಿ, ಗಟ್ಟಿ ಪ್ಲಾಸ್ಟಿಕ್ ಚಿಪ್ಪು ಇಲ್ಲದ ಪ್ಯಾಕಿಂಗ್ ಶುರುಮಾಡಿತು. ಮೊದಲ ಪಟ್ಟಿಯಲ್ಲೇ ಫಿಶರ್-ಪ್ರೈಸ್ ಆಟಿಕೆಗಳಿದ್ದವು. ಆದರೂ ನಮ್ಮ ಅಂಗಡಿಗಳಿಗೆ ಬರುವ ಡಬ್ಬಗಳಲ್ಲಿ ಕಂಬಿ ಇನ್ನೂ ಧಾರಾಳವಾಗಿದೆ. ಲಾರಿಯಲ್ಲಿ ಕುಲುಕಿದರೂ ಗೊಂಬೆ ಅಲುಗಬಾರದು, ಅಂಗಡಿಯ ಗಾಜಿನ ಹಿಂದೆ ನಗುತ್ತಾ ನಿಂತಿರಬೇಕು, ಯಾರೂ ಡಬ್ಬದೊಳಗಿನಿಂದ ಚಪ್ಪಲಿ ಕದಿಯಬಾರದು. ಅದಕ್ಕೆ ಕಂಬಿಗಿಂತ ಅಗ್ಗದ್ದು ಇಲ್ಲ. ಚನ್ನಪಟ್ಟಣದ ಮರದ ಗೊಂಬೆ ತಂದರೆ ಈ ತಾಪತ್ರಯವೇ ಇಲ್ಲ, ಕಾಗದದಲ್ಲಿ ಸುತ್ತಿ ಕೊಟ್ಟುಬಿಡುತ್ತಾರೆ.

ಕಂಬಿ ಬಿಡಿ, ರಟ್ಟು ಕುಯ್ಯಿರಿ

ಇದು ಈ ಬರಹದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಮಾತು. ಗೊಂಬೆಯನ್ನು ಹಿಡಿದಿರುವುದು ಕಂಬಿ ಒಂದೇ ಅಲ್ಲ, ಕಂಬಿ ಮತ್ತು ರಟ್ಟು ಸೇರಿ. ಎರಡರಲ್ಲಿ ಮೆದು ಯಾವುದು? ರಟ್ಟು. ಮತ್ತೆ ಕಂಬಿಯ ಜೊತೆ ಯಾಕೆ ಗುದ್ದಾಡಬೇಕು ಹೇಳಿ?

ಒಳಗಿನ ರಟ್ಟನ್ನು ಡಬ್ಬದಿಂದ ಪೂರ್ತಿ ಹೊರಗೆಳೆದು ಮಗುಚಿ ಹಾಕಿ. ಹಿಂಬದಿಯಲ್ಲಿ ಕಂಬಿಯ ಎರಡು ತುದಿಗಳನ್ನು ಹುರಿಮಾಡಿ ಮಲಗಿಸಿರುತ್ತಾರೆ. ಅದರ ಮೇಲೆ ಸಾಮಾನ್ಯವಾಗಿ ಟೇಪು ಇರುತ್ತದೆ. ಟೇಪನ್ನು ಉಗುರಿನಿಂದ ಕಿತ್ತು ತೆಗೆಯಿರಿ. ಈಗ ಒಂದೊಂದು ಕಂಬಿಗೂ ಎರಡೆರಡು ತೂತು ಕಾಣುತ್ತದೆ. ಕಂಬಿ ಒಂದು ತೂತಿನಿಂದ ಮುಂದಕ್ಕೆ ಹೋಗಿ, ಗೊಂಬೆಯ ಕೈಯನ್ನು ಸುತ್ತಿ, ಇನ್ನೊಂದು ತೂತಿನಿಂದ ಹಿಂದಕ್ಕೆ ಬಂದಿದೆ. ಆ ಎರಡು ತೂತುಗಳ ನಡುವೆ ಇರುವುದು ಒಂದೆರಡು ಸೆಂಟಿಮೀಟರ್ ರಟ್ಟು, ಅಷ್ಟೇ.

ಆ ನಡುವಿನ ರಟ್ಟನ್ನು ಒಂದು ತೂತಿನಿಂದ ಇನ್ನೊಂದು ತೂತಿಗೆ ಸೀಳಿಬಿಡಿ. ಎರಡು ತೂತು ಸೇರಿ ಒಂದು ಉದ್ದನೆಯ ಸೀಳಾಗುತ್ತದೆ. ಹಿಂದಿದ್ದ ಹುರಿಯನ್ನು ನೇರ ಮಾಡಿ ಆ ಸೀಳಿನ ಮೂಲಕ ಮುಂದಕ್ಕೆ ತಳ್ಳಿ. ಗೊಂಬೆ ರಟ್ಟಿನಿಂದ ಬಿಡುಗಡೆ! ಕಂಬಿ ಗೊಂಬೆಯ ಕೈಯಲ್ಲಿ ಸಡಿಲವಾದ ಬಳೆಯ ಹಾಗೆ ಉಳಿಯುತ್ತದೆ. ಅದನ್ನು ಬೆರಳಲ್ಲೇ ಜಾರಿಸಿ ತೆಗೆಯಬಹುದು.

ರಟ್ಟು ಸೀಳಲು ಸಾದಾ ಕತ್ತರಿ ಸಾಕು. ತೂತು ರಟ್ಟಿನ ಅಂಚಿಗೆ ಹತ್ತಿರವಿದ್ದರೆ ಅಂಚಿನಿಂದಲೇ ಕತ್ತರಿ ಹಾಕಿಕೊಂಡು ಹೋಗಿ. ನಡುವಿನಲ್ಲಿದ್ದರೆ ಪೇಪರ್ ಕಟರ್‌ನ ಮೊನೆ ಬಳಸಿ, ಕಂಬಿಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿಕೊಂಡು. ಅಲಗನ್ನು ತುಂಬಾ ಹೊರಗೆ ಎಳೆಯಬೇಡಿ, ಒಂದು ತುಂಡು ಸಾಕು. ಜಾಸ್ತಿ ಆಳಕ್ಕೆ ಇಳಿದರೆ ಗೊಂಬೆಯ ಬಟ್ಟೆ ಕುಯ್ದುಹೋಗುತ್ತದೆ.

ಮುರಿದು ಎಸೆಯುವ ತುಂಡುಗಳ ಈ ಕಟರ್ ಬಗ್ಗೆ ಒಂದು ಮಾತು. ಇದನ್ನು 1956ರಲ್ಲಿ ಜಪಾನಿನ ಯೋಷಿಯೊ ಒಕಾಡಾ ಕಂಡುಹಿಡಿದರು. ಚಾಕೊಲೇಟ್ ಬಾರ್ ತುಂಡು ತುಂಡಾಗಿ ಮುರಿಯುವುದನ್ನು ನೋಡಿ ಹೊಳೆದ ಉಪಾಯ ಅದು. ಮೊಂಡಾದ ತುಂಡನ್ನು ಮುರಿದರೆ ಹೊಸ ಅಂಚು ಬರುತ್ತದೆ. ಹಾಗಿದ್ದ ಮೇಲೆ ಇದರಲ್ಲೇ ಕಂಬಿ ಕುಯ್ದರೆ ಏನು ನಷ್ಟ ಅಂತ ಕೇಳಬಹುದು. ಬೇಡ. ಮುರಿಯಲೆಂದೇ ಗೀರು ಹಾಕಿದ ಅಲಗು ಅದು. ಪಕ್ಕಕ್ಕೆ ಮೀಟಿದರೆ ತುಂಡು ಹಾರುತ್ತದೆ. ಎದುರಿಗೆ ಮಗು ಕೂತಿರುತ್ತದೆ, ಅಲ್ವಾ?

ಹಿಂದೆ ರಟ್ಟಿನ ಬದಲು ತೆಳು ಪ್ಲಾಸ್ಟಿಕ್ ತಟ್ಟೆ ಇದ್ದರೂ ಇದೇ ಉಪಾಯ ನಡೆಯುತ್ತದೆ. ತಟ್ಟೆ ದಪ್ಪವಿದ್ದು ಸೀಳಲು ಆಗದಿದ್ದರೆ ಕಂಬಿಯನ್ನು ಬಿಚ್ಚಬೇಕು. ಹುರಿಯನ್ನು ಮೊದಲು ನೆಟ್ಟಗೆ ನಿಲ್ಲಿಸಿ. ಪ್ಲೇಯರ್‌ನ ಮೂತಿಯಲ್ಲಿ ತುದಿ ಹಿಡಿದು ಎಡಕ್ಕೆ ತಿರುಗಿಸಿ ನೋಡಿ. ಬಿಗಿಯಾದರೆ ಬಲಕ್ಕೆ. ಒಂದು ಡಬ್ಬದಲ್ಲಿ ಮೊದಲ ಕಂಬಿ ಯಾವ ಕಡೆಗೆ ಬಿಚ್ಚುತ್ತದೋ ಮಿಕ್ಕವೂ ಸಾಮಾನ್ಯವಾಗಿ ಅದೇ ಕಡೆಗೆ ಬಿಚ್ಚುತ್ತವೆ. ಹಾಗಾಗಿ ಮೊದಲನೆಯದಕ್ಕೆ ಹಿಡಿಯುವ ಹೊತ್ತು ಉಳಿದವಕ್ಕೆ ಹಿಡಿಯುವುದಿಲ್ಲ.

ಕಾರು, ರೈಲಿನಂಥ ಭಾರದ ಆಟಿಕೆಗಳಲ್ಲಿ ಕಂಬಿಯ ಬದಲು ಹಿಂದೆ ಪ್ಲಾಸ್ಟಿಕ್ ಬಿರಡೆ ಇರುವುದುಂಟು. ಅದನ್ನು ಕಾಲು ಸುತ್ತು ತಿರುಗಿಸಿದರೆ ಸೀಳಿನ ನೇರಕ್ಕೆ ಬಂದು ಕಳಚುತ್ತದೆ. ಜಗ್ಗಬೇಡಿ.

ಗೊಂಬೆಯ ಕೂದಲಿಗೂ ತಲೆಗೂ ಚುಚ್ಚಿರುವ ಸಣ್ಣ ಪ್ಲಾಸ್ಟಿಕ್ ಎಳೆಗಳನ್ನು ನೋಡಿದ್ದೀರಾ? ಬಟ್ಟೆ ಅಂಗಡಿಯಲ್ಲಿ ಬೆಲೆಚೀಟಿ ಕಟ್ಟಿರುತ್ತಾರಲ್ಲ, ಅದೇ ಎಳೆ. ಅದನ್ನು ಎಳೆದು ಕೀಳಿದರೆ ತಲೆಯಲ್ಲಿ ತೂತು ದೊಡ್ಡದಾಗುತ್ತದೆ. ಹಳೆಯ ಉಗುರು ಕಟರ್‌ನಿಂದ ಬುಡಕ್ಕೆ ಕತ್ತರಿಸಿ. ಇದು ಬರೀ ಪ್ಲಾಸ್ಟಿಕ್ಕಿಗೆ ಮಾತ್ರ. ಕಂಬಿಗೆ ಉಗುರು ಕಟರ್ ಹಾಕಿದರೆ ಅದೂ ಮುಕ್ಕಾಗುತ್ತದೆ.

ಕತ್ತರಿಸಲೇಬೇಕು ಅಂದರೆ

ಕೆಲವೊಮ್ಮೆ ಬೇರೆ ದಾರಿ ಇರುವುದಿಲ್ಲ. ಆಗ ಕಟಿಂಗ್ ಪ್ಲೇಯರ್ ತೆಗೆದುಕೊಳ್ಳಿ. ಮೂತಿಯ ತುದಿಯಿಂದ ಅಲ್ಲ, ಕೀಲಿನ ಹತ್ತಿರ ಇರುವ ಕತ್ತರಿಸುವ ಭಾಗದಿಂದ ಚಿವುಟಿ. ಆ ಜಾಗದಲ್ಲಿ ಬಲ ಜಾಸ್ತಿ.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಚಿಕ್ಕ ನಿಪ್ಪರ್ ಸಿಗುತ್ತದೆ. ಮೂತಿ ಚೂಪು, ಇಕ್ಕಟ್ಟಿನ ಜಾಗಕ್ಕೂ ಹೋಗುತ್ತದೆ. ಆದರೆ ಅದನ್ನು ಮಾಡಿರುವುದು ತಾಮ್ರದ ತಂತಿಗೆ. ಉಕ್ಕಿನ ಕಂಬಿಗೆ ಮತ್ತೆ ಮತ್ತೆ ಹಾಕಿದರೆ ಅದರ ಬಾಯಲ್ಲೂ ಗುಳಿ ಬೀಳುತ್ತದೆ. ನಾನು ನಿಪ್ಪರನ್ನು ಪ್ಲಾಸ್ಟಿಕ್ ಕಟ್ಟುಗಳಿಗೆ, ಪ್ಲೇಯರನ್ನು ಕಂಬಿಗೆ ಅಂತ ಬೇರೆ ಮಾಡಿಕೊಂಡಿದ್ದೇನೆ. ಜೇಬಿನಲ್ಲಿ ಲೆದರ್‌ಮನ್‌ನಂಥ ಪ್ಲೇಯರ್ ಇರುವ ಮಲ್ಟಿಟೂಲ್ ಇದ್ದವರು ಅದರ ಕಂಬಿ ಕತ್ತರಿಸುವ ಭಾಗ ಬಳಸಿ. ಪಕ್ಕದಲ್ಲೇ ಇರುವ ಚಾಕು ಬೇಡ.

ಕತ್ತರಿಸುವ ಮೊದಲು ಕಂಬಿಯ ಮೇಲೆ ಇನ್ನೊಂದು ಕೈ ಅಡ್ಡ ಹಿಡಿಯಿರಿ. ತುಂಡು ಹಾರುವುದು ನಿಲ್ಲುತ್ತದೆ.

ಎಲ್ಲ ಮುಗಿದ ಮೇಲೆ ಎಣಿಸಿ. ಡಬ್ಬದಲ್ಲಿ ಆರು ಕಂಬಿ ಇದ್ದು, ಒಂದೊಂದನ್ನೂ ಒಂದು ಕಡೆ ಮಾತ್ರ ಕತ್ತರಿಸಿದ್ದರೆ ಆರು ತುಂಡು ಕೈಗೆ ಬರಬೇಕು. ಐದೇ ಇದ್ದರೆ ಆರನೆಯದು ಸಿಗುವವರೆಗೂ ಮಗುವನ್ನು ನೆಲಕ್ಕೆ ಬಿಡಬೇಡಿ. ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ ಇದು ಬಹಳ ಮುಖ್ಯ. ಆ ತುಂಡಿನ ತುದಿ ಸೂಜಿಯ ಹಾಗಿರುತ್ತದೆ, ಕಂದಮ್ಮಗಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತವೆ. ಮೊದಲು ತಂದ ಅಯಸ್ಕಾಂತವನ್ನು ಚಾಪೆಯ ಮೇಲೆ ಒಮ್ಮೆ ಸವರಿ. ಅಡಗಿರುವ ಕಂಬಿ ಬಂದು ಅಂಟಿಕೊಳ್ಳುತ್ತದೆ.

ಚಾಕು ಎಷ್ಟು ಕೆಟ್ಟಿದೆ? ಮಸೆಯುವ ಮೊದಲು ನೋಡಿ

ಚಾಕು ಕೆಟ್ಟಿತು ಅಂತ ಗೊತ್ತಾದ ತಕ್ಷಣ ಕಲ್ಲಿಗೆ ತಿಕ್ಕಲು ಓಡಬೇಡಿ. ಕೆಟ್ಟಿರುವ ರೀತಿ ಎರಡು, ಮದ್ದೂ ಬೇರೆ ಬೇರೆ.

ಬಲ್ಬಿನ ಕೆಳಗೆ ಚಾಕುವಿನ ಅಂಚನ್ನು ನಿಮ್ಮ ಕಣ್ಣಿಗೆ ನೇರವಾಗಿ, ಮೇಲ್ಮುಖ ಮಾಡಿ ಹಿಡಿಯಿರಿ. ಹಿಡಿಯಿಂದ ಮೊನೆಯವರೆಗೆ ನಿಧಾನಕ್ಕೆ ಓಲಾಡಿಸಿ. ಹರಿತವಾದ ಅಂಚು ಕಾಣುವುದೇ ಇಲ್ಲ, ಕಪ್ಪು ಗೆರೆಯ ಹಾಗಿರುತ್ತದೆ. ಎಲ್ಲಿ ಮಿಣುಕ್ ಅಂತ ಹೊಳೆಯುತ್ತದೋ ಅಲ್ಲಿ ಅಂಚು ಹೋಗಿದೆ. ಅಮ್ಮನ ಚಾಕುವಿನಲ್ಲಿ ಮೊನೆಯಿಂದ ಎರಡು ಬೆರಳು ಹಿಂದೆ ನಾಲ್ಕು ಚುಕ್ಕಿ ಹೊಳೆಯುತ್ತಿದ್ದವು. ಕಂಬಿ ಜಗ್ಗಿದ್ದು ಅಲ್ಲೇ.

ಈಗ ಒಂದು ಚೂರು ಹತ್ತಿಯನ್ನು ಅಲಗಿನ ಎರಡೂ ಬದಿಯಲ್ಲಿ ಬೆನ್ನಿನಿಂದ ಅಂಚಿನ ಕಡೆಗೆ ಸವರಿ. ಅಂಚು ಮಡಚಿರುವ ಕಡೆ ಎಳೆ ಸಿಕ್ಕಿಕೊಳ್ಳುತ್ತದೆ. ಒಂದೇ ಬದಿಯಲ್ಲಿ ಮಾತ್ರ ಸಿಕ್ಕಿದರೆ ಅದು ಮಡಚಿದ ಅಂಚು. ಯಾವ ಬದಿಯಲ್ಲಿ ಸಿಕ್ಕಿತೋ ಆ ಬದಿಗೆ ಬಗ್ಗಿದೆ. ಹೊಳೆಯುವ ಜಾಗದಲ್ಲಿ ಕಣ್ಣಿಗೇ ಗುಂಡಿ ಕಾಣುತ್ತಿದ್ದರೆ, ಎರಡೂ ಬದಿಯಲ್ಲಿ ಎಳೆ ಸಿಕ್ಕುತ್ತಿದ್ದರೆ, ಮುಕ್ಕಾಗಿದೆ. ಬೆರಳನ್ನು ಅಂಚಿನ ಉದ್ದಕ್ಕೆ ಯಾವತ್ತೂ ಎಳೆಯಬೇಡಿ.

ಮುಕ್ಕಿನ ಆಳ ಅಂದಾಜು ಮಾಡಲು ಎರಡು ಕಾರ್ಡು ಸಾಕು. ವಿಸಿಟಿಂಗ್ ಕಾರ್ಡ್ ಸುಮಾರು 0.3 ಮಿಲಿಮೀಟರ್ ದಪ್ಪ, ಎಟಿಎಂ ಕಾರ್ಡ್ 0.76. ಮುಕ್ಕು ವಿಸಿಟಿಂಗ್ ಕಾರ್ಡಿನ ದಪ್ಪಕ್ಕಿಂತ ಕಡಿಮೆ ಆಳ ಇದ್ದರೆ ಮನೆಯ ಕಲ್ಲಿನಲ್ಲೇ ಹೋಗುತ್ತದೆ. ಎಟಿಎಂ ಕಾರ್ಡಿನಷ್ಟು ಇದ್ದರೆ ತಾಳ್ಮೆ ಇದ್ದವರು ಮಾಡಬಹುದು. ಅದಕ್ಕೂ ಜಾಸ್ತಿ ಆದರೆ ಸಾಣೆ ಹಿಡಿಯುವವರ ಹತ್ತಿರ ಹೋಗಿ.

ಬರೀ ಮಡಚಿದ್ದರೆ ಐದು ನಿಮಿಷದ ಕೆಲಸ

ಚಾಕು ಸೆಟ್ಟಿನ ಜೊತೆ ಉದ್ದನೆಯ ಕೋಲಿನಂಥದ್ದು ಬಂದಿರುತ್ತದಲ್ಲ, ತುಂಬಾ ಮನೆಗಳಲ್ಲಿ ಡ್ರಾಯರಿನಲ್ಲೇ ಬಿದ್ದಿರುತ್ತದೆ. ಅದು ಮಸೆಯುವ ಕೋಲು. ಬಗ್ಗಿದ ಅಂಚನ್ನು ನೆಟ್ಟಗೆ ಮಾಡುವುದು ಅದರ ಕೆಲಸ. ಕೋಲನ್ನು ಹಲಗೆಯ ಮೇಲೆ ನೆಟ್ಟಗೆ ಊರಿ. ಚಾಕುವನ್ನು ಓರೆಯಾಗಿ ತಾಗಿಸಿ ಮೇಲಿನಿಂದ ಕೆಳಕ್ಕೆ, ಹಿಡಿಯ ಕಡೆಯಿಂದ ಮೊನೆಯ ಕಡೆಗೆ ಎಳೆಯಿರಿ. ಬಗ್ಗಿರುವ ಬದಿಗೆ ಎಂಟು ಸಲ, ಆಮೇಲೆ ಎರಡೂ ಬದಿಗೆ ಒಂದೊಂದು ಸಲದಂತೆ ಐದಾರು ಸಲ. ಬಲ ಬೇಡ, ಚಾಕುವಿನ ಭಾರವೇ ಸಾಕು. ಸಿನಿಮಾದಲ್ಲಿ ಬಾಣಸಿಗರು ಮಾಡುವ ಹಾಗೆ ಗಾಳಿಯಲ್ಲಿ ಸರಸರ ಉಜ್ಜಿದರೆ ಅಂಚು ಇನ್ನೂ ಕೆಡುತ್ತದೆ.

ಕೋಲು ಇಲ್ಲದಿದ್ದರೆ ಪಿಂಗಾಣಿ ಕಾಫಿ ಕಪ್ಪನ್ನು ಬೋರಲು ಹಾಕಿ. ತಳದಲ್ಲಿ ಹೊಳಪಿಲ್ಲದ ಒರಟು ಉಂಗುರ ಇರುತ್ತದೆ. ಅದರ ಮೇಲೆ ಅದೇ ಕೋನದಲ್ಲಿ ಎಳೆದರೂ ಕೆಲಸ ಆಗುತ್ತದೆ.

ಹತ್ತಿ ಎಲ್ಲೂ ಸಿಕ್ಕದಿದ್ದರೆ, ಪತ್ರಿಕೆಯ ಹಾಳೆಯನ್ನು ತಡೆಯಿಲ್ಲದೆ ಕುಯ್ದರೆ, ಇಲ್ಲಿಗೆ ನಿಲ್ಲಿಸಿ. ಮುಂದೆ ಓದುವ ಅಗತ್ಯ ನಿಮಗಿಲ್ಲ.

ಮುಕ್ಕಾಗಿದ್ದರೆ: ಕಲ್ಲು, ನೀರು, ತಾಳ್ಮೆ

ಮುಕ್ಕಾದ ಜಾಗಕ್ಕೆ ಉಕ್ಕನ್ನು ತುಂಬಿಸಲು ಆಗುವುದಿಲ್ಲ. ಮಿಕ್ಕ ಅಂಚನ್ನೆಲ್ಲ ಆ ಗುಂಡಿಯ ತಳದ ಮಟ್ಟಕ್ಕೆ ಸವೆಸಿ ತರಬೇಕು. ದಾರಿ ಇರುವುದು ಇದೊಂದೇ. ತುಂಬಾ ಜನ ಮುಕ್ಕಿನ ಜಾಗವನ್ನು ಮಾತ್ರ ಉಜ್ಜುತ್ತಾರೆ. ಆಗ ಅಲ್ಲಿ ಹಳ್ಳವಾಗುತ್ತದೆ. ಹಳ್ಳವಾದ ಚಾಕುವಿನಲ್ಲಿ ಸೊಪ್ಪು ಹೆಚ್ಚಿದರೆ ದಂಟು ಪೂರ್ತಿ ಕತ್ತರಿಸದೆ ಮಾಲೆಯ ಹಾಗೆ ನೇತಾಡುತ್ತದೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ಮುಖದ ಕಾರ್ಬೊರಂಡಮ್ ಕಲ್ಲು ಸಿಗುತ್ತದೆ. ಒಂದು ಮುಖ ಒರಟು, ಇನ್ನೊಂದು ನಯ. ಅಷ್ಟು ಸಾಕು. ಆನ್‌ಲೈನ್‌ನಲ್ಲಿ ತರಿಸುವವರು 400 ಮತ್ತು 1000 ಗ್ರಿಟ್‌ನ ಜೋಡಿ ಕಲ್ಲು ನೋಡಿ. ಸಂಖ್ಯೆ ಹೆಚ್ಚಿದಷ್ಟೂ ನಯ. ಚಾಕುವನ್ನು ಬಿರುಕಿನೊಳಗೆ ಎಳೆಯುವ ಪುಟ್ಟ ಶಾರ್ಪನರ್ ಈ ಕೆಲಸಕ್ಕೆ ಆಗುವುದಿಲ್ಲ. ಅದರ ಚಕ್ರ ಮುಕ್ಕಿಗೆ ಸಿಕ್ಕಿ ಇನ್ನೊಂದು ಚಕ್ಕೆ ಎಬ್ಬಿಸಬಹುದು.

1. ಕಲ್ಲನ್ನು ಹತ್ತು ನಿಮಿಷ ನೀರಿನಲ್ಲಿಡಿ. ಒದ್ದೆ ಬಟ್ಟೆ ಮಡಚಿ ಅದರ ಮೇಲೆ ಒರಟು ಮುಖ ಮೇಲಾಗಿ ಇಡಿ. ಕಲ್ಲು ಅಲುಗಿದರೆ ಕೈ ಕುಯ್ದುಕೊಳ್ಳುತ್ತೀರಿ.

2. ಪರ್ಮನೆಂಟ್ ಮಾರ್ಕರ್‌ನಿಂದ ಅಂಚಿನ ಓರೆ ಭಾಗಕ್ಕೆ ಎರಡೂ ಬದಿ ಬಣ್ಣ ಬಳಿಯಿರಿ. ಇದು ಹೊಸಬರಿಗೆ ಕಣ್ಣಿದ್ದ ಹಾಗೆ. ಒಂದು ಸಲ ಉಜ್ಜಿ ನೋಡಿ. ಅಂಚಿನ ತುದಿಯಲ್ಲಿ ಬಣ್ಣ ಹೋಗದೆ ಮೇಲೆ ಮಾತ್ರ ಹೋಗಿದ್ದರೆ ಚಾಕುವನ್ನು ಇನ್ನೂ ಸ್ವಲ್ಪ ಎತ್ತಬೇಕು. ತುದಿಯಲ್ಲಿ ಮಾತ್ರ ಹೋಗಿದ್ದರೆ ತಗ್ಗಿಸಬೇಕು.

3. ಕೋನ 15ರಿಂದ 20 ಡಿಗ್ರಿ. ಅಳೆಯುವುದು ಸುಲಭ. ಅಲಗಿನ ಅಗಲ ಎರಡು ಸೆಂಟಿಮೀಟರ್ ಇದ್ದರೆ ಬೆನ್ನು ಕಲ್ಲಿನಿಂದ 5ರಿಂದ 7 ಮಿಲಿಮೀಟರ್ ಎತ್ತರದಲ್ಲಿರಬೇಕು. ಮೂರು-ನಾಲ್ಕು ನಾಣ್ಯ ಒಂದರ ಮೇಲೊಂದು ಇಟ್ಟು ಬೆನ್ನನ್ನು ಅದರ ಮೇಲೆ ಇಡಿ, ಆ ಎತ್ತರ ಕೈಗೆ ಅಭ್ಯಾಸ ಆಗಲಿ. ಅಗಲ ನಾಲ್ಕು ಸೆಂಟಿಮೀಟರ್ ಇದ್ದರೆ ಎತ್ತರವೂ ದುಪ್ಪಟ್ಟು.

4. ಮುಕ್ಕು ಆಳವಿದ್ದರೆ ಮೊದಲು ಒಂದು ಕಠಿಣ ಹೆಜ್ಜೆ ಇದೆ. ಚಾಕುವನ್ನು ರೊಟ್ಟಿ ಕುಯ್ಯುವ ಹಾಗೆ ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಇಡೀ ಉದ್ದಕ್ಕೂ ಹಗುರಾಗಿ ಎಳೆಯಿರಿ. ಹರಿತವಾದ ಅಂಚನ್ನು ಕೈಯಾರೆ ಮೊಂಡು ಮಾಡುತ್ತಿದ್ದೇವೆ ಅಂತ ಮನಸ್ಸಿಗೆ ಕಷ್ಟವಾಗುತ್ತದೆ. ಆದರೂ ಗುಂಡಿ ಕಾಣದಾಗುವವರೆಗೆ ಮಾಡಿ. ಆಮೇಲೆ ಇಡೀ ಅಂಚು ಒಂದು ಬೆಳ್ಳಿ ಗೆರೆಯ ಹಾಗೆ ಹೊಳೆಯುತ್ತದೆ. ಸಣ್ಣ ಮುಕ್ಕಾದರೆ ಈ ಹೆಜ್ಜೆ ಬೇಡ, ನೇರವಾಗಿ ಮುಂದಿನದಕ್ಕೆ ಹೋಗಿ.

5. ಈಗ ಕೋನದಲ್ಲಿ ಹಿಡಿದು ಮಸೆಯಿರಿ. ಒಂದು ಕೈ ಹಿಡಿಯ ಮೇಲೆ, ಇನ್ನೊಂದು ಕೈಯ ಎರಡು ಬೆರಳು ಅಲಗಿನ ಮೇಲೆ. ಹಿಡಿಯ ಬುಡದಿಂದ ಶುರುಮಾಡಿ ಮೊನೆಯವರೆಗೆ, ಇಡೀ ಉದ್ದಕ್ಕೂ ಒಂದೇ ಸಮ. ನೀರು ಬೂದು ಬಣ್ಣದ ತೆಳು ಕೆಸರಾಗುತ್ತದೆ. ಅದನ್ನು ತೊಳೆಯಬೇಡಿ, ಸವೆಸುವುದರಲ್ಲಿ ಅದೂ ಕೆಲಸ ಮಾಡುತ್ತದೆ. ಒಣಗಿದರೆ ಎರಡು ಹನಿ ನೀರು ಹಾಕಿ.

6. ಸ್ವಲ್ಪ ಹೊತ್ತಿನ ಮೇಲೆ ಎದುರು ಬದಿಯನ್ನು ಹೆಬ್ಬೆರಳಿನಿಂದ ಬೆನ್ನಿನಿಂದ ಅಂಚಿನ ಕಡೆಗೆ ಮೆಲ್ಲಗೆ ಸವರಿ. ತುದಿಯಲ್ಲಿ ಸಣ್ಣ ಒರಟು ತಗುಲಬೇಕು. ಅಲ್ಲಿವರೆಗೆ ಉಕ್ಕು ಸವೆದು ಆಚೆ ಬದಿಗೆ ಮಡಚಿದೆ ಅಂತ ಅರ್ಥ. ಈ ಒರಟು ಬುಡದಿಂದ ಮೊನೆಯವರೆಗೆ ಎಲ್ಲ ಕಡೆ ಬರಬೇಕು. ಮುಕ್ಕಿನ ಜಾಗದಲ್ಲಿ ಅದು ಕೊನೆಗೆ ಬರುತ್ತದೆ. ಬಂದ ಮೇಲಷ್ಟೇ ಚಾಕು ಮಗುಚಿ, ಇನ್ನೊಂದು ಬದಿಗೆ ಅಷ್ಟೇ ಸಲ ಮಾಡಿ. ನಾಲ್ಕನೇ ಹೆಜ್ಜೆಯ ಬೆಳ್ಳಿ ಗೆರೆ ಎಲ್ಲೂ ಕಾಣಬಾರದು.

7. ಕಲ್ಲನ್ನು ಮಗುಚಿ ನಯದ ಮುಖದಲ್ಲಿ ಇದೇ ಕೆಲಸ. ಬಲವನ್ನು ಕಡಿಮೆ ಮಾಡುತ್ತಾ ಬನ್ನಿ. ಕೊನೆಯಲ್ಲಿ ಎಡಕ್ಕೊಂದು ಬಲಕ್ಕೊಂದು ಹತ್ತು ಸಲ, ಬರೀ ಚಾಕುವಿನ ಭಾರದಲ್ಲಿ.

8. ಹಳೆಯ ಚರ್ಮದ ಬೆಲ್ಟಿನ ಒಳಬದಿಯ ಮೇಲೆ, ಇಲ್ಲವೇ ಕಲ್ಲಿಗೆ ಸುತ್ತಿದ ಪತ್ರಿಕೆಯ ಮೇಲೆ, ಅಂಚನ್ನು ಹಿಂದೆ ಬಿಟ್ಟು ಬೆನ್ನಿನ ದಿಕ್ಕಿಗೆ ಎಳೆಯಿರಿ. ಹತ್ತಿಪ್ಪತ್ತು ಸಲ. ಉಳಿದ ಒರಟು ಉದುರುತ್ತದೆ.

9. ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ಅಂಚಿನಲ್ಲಿ ಉಕ್ಕಿನ ಪುಡಿ ಇರುತ್ತದೆ, ಅದು ಊಟಕ್ಕೆ ಸೇರಬಾರದು.

ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಅದರಲ್ಲಿ ಅರ್ಧ ಗಂಟೆ ಐದು ಮತ್ತು ಆರನೇ ಹೆಜ್ಜೆಗೇ ಹೋಯಿತು. ನಾಲ್ಕು ಚುಕ್ಕಿಯಲ್ಲಿ ಮೂರು ಬೇಗ ಮಾಯವಾದವು, ನಾಲ್ಕನೆಯದು ಹಟ ಹಿಡಿಯಿತು. ಬೆಳಕಿಗೆ ಹಿಡಿದಾಗಲೆಲ್ಲ ಸಾಸಿವೆಗಿಂತ ಸಣ್ಣದಾಗಿ ಮಿನುಗುತ್ತಿತ್ತು. ಅದನ್ನು ಹಾಗೇ ಬಿಟ್ಟು ನಯದ ಮುಖಕ್ಕೆ ಹೋಗೋಣ ಅನ್ನಿಸಿತು. ಬಿಡಲಿಲ್ಲ. ನಯದ ಮುಖ ಮುಕ್ಕನ್ನು ತೆಗೆಯುವುದಿಲ್ಲ, ಅದಕ್ಕೆ ಹೊಳಪು ಕೊಡುತ್ತದೆ ಅಷ್ಟೇ. ಕೊನೆಗೆ ಅಮ್ಮ ಟೊಮೇಟೊ ಹೆಚ್ಚಿ ನೋಡಿದರು. ಚಾಕುವಿನ ಭಾರಕ್ಕೇ ಸಿಪ್ಪೆ ಸೀಳಿತು. ಅವರು ಏನೂ ಹೇಳಲಿಲ್ಲ, ಇನ್ನೊಂದು ಟೊಮೇಟೊ ತೆಗೆದುಕೊಂಡರು.

ಸಾಣೆ ಹಿಡಿಯುವವರಿಗೆ ಕೊಡುವಾಗ

ದೊಡ್ಡ ಮುಕ್ಕಾದರೆ ಅವರೇ ಸರಿ. ಸೈಕಲ್ ಮೇಲೆ ಚಕ್ರ ಕಟ್ಟಿಕೊಂಡು "ಸಾಣೇ..." ಅಂತ ಕೂಗುತ್ತಾ ಬರುವವರು ಈಗಲೂ ಕೆಲವು ಬೀದಿಗಳಲ್ಲಿದ್ದಾರೆ. ಕೊಡುವಾಗ ಮುಕ್ಕು ಎಲ್ಲಿದೆ ಅಂತ ತೋರಿಸಿ, "ಅಣ್ಣ, ಬಿಸಿಯಾಗದ ಹಾಗೆ ನೋಡ್ಕೊಳ್ಳಿ" ಅಂತ ಒಂದು ಮಾತು ಹೇಳಿ. ಅನುಭವ ಇದ್ದವರು ಆಗಾಗ ನೀರಿನಲ್ಲಿ ಅದ್ದುತ್ತಾರೆ. ಪೆಡಲ್ ತುಳಿಯುವ ಚಕ್ರದ ವೇಗ ಕಡಿಮೆ, ಬಿಸಿಯೂ ಕಡಿಮೆ. ಕರೆಂಟಿನ ಗ್ರೈಂಡರ್‌ನಲ್ಲಿ ನೀರಿಲ್ಲದೆ ಒತ್ತಿದರೆ ತೆಳು ಅಂಚು ಕ್ಷಣದಲ್ಲಿ ಕಾಯುತ್ತದೆ. ಅಂಚು ನೀಲಿಯಾದರೆ ಅಲ್ಲಿನ ಉಕ್ಕಿನ ಗಟ್ಟಿತನ ಹೋಯಿತು. ಆಮೇಲೆ ಎಷ್ಟು ಮಸೆದರೂ ಎರಡೇ ದಿನಕ್ಕೆ ಮೊಂಡಾಗುತ್ತದೆ. ಆ ನೀಲಿ ಭಾಗವನ್ನು ಪೂರ್ತಿ ಸವೆಸಿ ತೆಗೆದರೆ ಮಾತ್ರ ಸರಿಹೋಗುತ್ತದೆ.

ಇವನ್ನು ಕಲ್ಲಿಗೆ ಹೀಗೆ ಹಿಡಿಯಬೇಡಿ

ಗರಗಸದ ಹಲ್ಲಿರುವ ಬ್ರೆಡ್ ಚಾಕುವಿಗೆ ಚಪ್ಪಟೆ ಕಲ್ಲು ಹೊಂದುವುದಿಲ್ಲ. ಒಂದೆರಡು ಹಲ್ಲು ಮುಕ್ಕಾಗಿದ್ದರೆ ಹಾಗೇ ಬಳಸಿ, ಬ್ರೆಡ್ಡಿಗೆ ಅಷ್ಟು ತೊಂದರೆ ಇಲ್ಲ. ಬಿಳಿ ಸೆರಾಮಿಕ್ ಚಾಕು ಈ ಕಲ್ಲಿಗೆ ಬಗ್ಗುವುದಿಲ್ಲ, ಅದಕ್ಕೆ ವಜ್ರದ ಪುಡಿಯ ಕಲ್ಲೇ ಬೇಕು. ಕತ್ತರಿಯಲ್ಲಿ ಕಂಬಿ ಕುಯ್ದು ಗುಳಿ ಬಿದ್ದಿದ್ದರೆ ಹೊರಗಿನ ಓರೆ ಭಾಗವನ್ನು ಮಾತ್ರ ಮಸೆಯಬೇಕು. ಎರಡು ಅಲಗು ಒಂದಕ್ಕೊಂದು ತಾಗುವ ಒಳಬದಿಯನ್ನು ಮುಟ್ಟಿದರೆ ಕತ್ತರಿ ಬಟ್ಟೆಯನ್ನು ಕುಯ್ಯದೆ ಅಗಿಯುತ್ತದೆ.

ಈಳಿಗೆಮಣೆ, ಮಲೆನಾಡಿನ ಕಡೆಯ ಮೆಟ್ಟುಗತ್ತಿ ಇದ್ದವರು ಕಂಬಿಯನ್ನು ಅದಕ್ಕೆ ಒತ್ತಿ ತುಂಡು ಮಾಡುವುದನ್ನು ನೋಡಿದ್ದೇನೆ. ಅಲಗು ದಪ್ಪ ಇರುವುದರಿಂದ ಮೊದಲೆರಡು ಸಲ ಏನೂ ಆಗದಂತೆ ಕಾಣುತ್ತದೆ. ಅಂಚನ್ನು ಬೆಳಕಿಗೆ ಹಿಡಿದರೆ ಗುಳಿ ಕಾಣುತ್ತದೆ. ಜೊತೆಗೆ ಎರಡೂ ಕೈ ಅಲಗಿನ ಎದುರಿಗಿರುತ್ತವೆ, ಕಂಬಿ ತುಂಡಾದ ಕ್ಷಣ ಕೈ ಮುಂದಕ್ಕೆ ಜಾರುತ್ತದೆ. ದಯವಿಟ್ಟು ಇದೊಂದನ್ನು ಮಾಡಬೇಡಿ.

ನಮ್ಮ ಮನೆಯಲ್ಲಿ ಹುಟ್ಟುಹಬ್ಬದ ಮೋಂಬತ್ತಿ, ಬೆಂಕಿಪೆಟ್ಟಿಗೆ, ಬಲೂನು ಇಡುವ ಒಂದು ಹಳೆಯ ಬಿಸ್ಕತ್ ಡಬ್ಬ ಇದೆ. ಈಗ ಅದರಲ್ಲಿ ಒಂದು ಚಿಕ್ಕ ಕಟಿಂಗ್ ಪ್ಲೇಯರ್, ಒಂದು ಕತ್ತರಿ, ಒಂದು ಅಯಸ್ಕಾಂತವೂ ಇವೆ.